ಎಂಟು ಸಿಲಿಂಡರಿನ ಪ್ಯಾಕರ್ಡ್

ಆನಂದ ಎರಡನೆಯ ಸಲ ಬೆರಳಿಟ್ಟು ಎಣಿಸಿದ. ಎಂಜಿನ್ನಿನ ಪ್ಲಗ್ಗುಗಳು, ಸಿಲಿಂಡರಿಗೆ ಒಂದರಂತೆ, ಆರೇ ಇದ್ದವು.

"ಎಂಟು ಇರಬೇಕಿತ್ತಲ್ರಿ," ಎಂದಳು ಪದ್ಮಶ್ರೀ. ಹೇಳುವಾಗ ಅವಳು ಕಾರನ್ನು ನೋಡಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ತಮ್ಮ ಸಂಗಮೇಶನನ್ನು ನೋಡಿದಳು.

ಆ ಪ್ಯಾಕರ್ಡ್ ಕಾರು ಅಕ್ಕತಮ್ಮಂದಿರ ಅಪ್ಪನದು. ಹಳೇ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬಂದಾಗ ಅಪ್ಪ ಸಾಮಾನು ಸರಂಜಾಮಿಗಿಂತ ಮೊದಲು ಅದನ್ನೇ ನವನಗರದ ಈ ಮನೆಗೆ ಸಾಗಿಸಿದ್ದರು. ಎಂಟು ಸಿಲಿಂಡರಿನ ಒನ್-ಟ್ವೆಂಟಿ ಮಾಡೆಲ್, ಅಮೆರಿಕದ ಸಾಹುಕಾರರ ಗಾಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಂಗಮೇಶ ಅದನ್ನು ರಿಪೇರಿಗೆಂದು ಹುಬ್ಬಳ್ಳಿಗೆ ಒಯ್ದ. ತಿರುಗಿ ಬರಲು ಒಂದು ಮಳೆಗಾಲವೇ ಹಿಡಿಯಿತು. ಅಸಲಿ ಎಂಜಿನ್ ತೆಗೆದು ಮಾರಿಕೊಂಡಿದ್ದಾನೆ ಎಂಬ ಗುಮಾನಿ ಪದ್ಮಶ್ರೀಯ ತಲೆ ಹೊಕ್ಕಿದ್ದು ಆಗಲೇ. ಬಾಯಿಬಿಟ್ಟು ಕೇಳಲಿಲ್ಲ. ಇಳಕಲ್ಲಿನಲ್ಲಿ ಅವನ ಮಗಳನ್ನು ತೊಟ್ಟಿಲಿಗೆ ಹಾಕಿದಾಗ, ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ತಾನೇ ಆಗಿದ್ದರೂ, ಹೋಗಲಿಲ್ಲ.

ಈಗ ಹಳೆಯ ವಾಹನವೆಂದು ಮರುನೋಂದಣಿ ಮಾಡಿಸಲು ಸರಿಯಾದ ಮಾಡೆಲ್ ತಿಳಿಯಬೇಕಿತ್ತು. ಬೆಳಗಾವಿಯ ಆನಂದ ಇಂಥ ಕಾರುಗಳನ್ನು ಸಾಕಿದವನು. ತಮ್ಮನಿಗೆ ತಿಳಿಸದೆ ಅವಳೇ ಕರೆಸಿದ್ದಳು. ಅವ್ವ ಗುರುಲಿಂಗವ್ವ ಫೋನ್ ಮಾಡಿ ಮಗನನ್ನೂ ಬರಹೇಳಿಬಿಟ್ಟಿದ್ದಳು. ಬಂದವನು ಆನಂದನ ಕೈಕುಲುಕಿದ್ದು ಕೂಡ ಪದ್ಮಶ್ರೀಗೆ ಹಳೆಯ ಪರಿಚಯದಂತೆ ಕಂಡಿತು.

ಆನಂದ ಟೇಪು ಹಿಡಿದು ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಅಳೆದ. ಬಾನೆಟ್ಟನ್ನೂ ಅಳೆದ.

"ಎಂಜಿನ್ ಬದಲಾಗೇತೇನ್ರಿ?" ಪದ್ಮಶ್ರೀ ಕೇಳಿಯೇಬಿಟ್ಟಳು.

"ಇಲ್ಲರಿ. ಎಂಟರ ಎಂಜಿನ್ ಉದ್ದ ಇರತೈತಿ, ಅದಕ್ಕ ಗಾಡೀನೂ ಉದ್ದ. ಇದು ಗಿಡ್ಡ ಐತಿ. ನಲವತ್ತೊಂದನೇ ಇಸವಿ ಒನ್-ಟೆನ್ ಮಾಡೆಲ್ ಇದು. ಹುಟ್ಟಿದಾಗಿಂದ ಆರ ಸಿಲಿಂಡರ್."

ಅವಳು ನಂಬಲಿಲ್ಲ. ಟೇಪು ಇಸಿದುಕೊಂಡು ತಾನೇ ಅಳೆದಳು. ಕಂಪನಿಯ ಹಳೆಯ ಅಳತೆಗಳನ್ನು ತನ್ನ ಫೋನಿನಲ್ಲೇ ಹುಡುಕಿ ತಾಳೆ ನೋಡಿದಳು. ಒನ್-ಟೆನ್ನಿನ ಅಳತೆಯೇ ಸರಿಹೊಂದಿತು.

ಆನಂದ ಚಹಾ ಕುಡಿದು ಹೊರಟ ಮೇಲೆ ತಮ್ಮನನ್ನು ಕೇಳಿದಳು, "ನಿನಗ ಗೊತ್ತಿತ್ತೇನೋ?"

"ಸಾಲಿಗೆ ಹೋಗೂವಾಗಿಂದ ಪ್ಲಗ್ ಒರಸಾಂವ ನಾನ ಅಲ್ಲೇನಕ್ಕಾ."

ಮತ್ತೆ ಯಾಕೆ ಹೇಳಲಿಲ್ಲ ಎಂದಳು. ಅವನು ಕೈ ಒರೆಸಿಕೊಳ್ಳುತ್ತ ನಿಂತ. ಕಟ್ಟೆಯ ಮೇಲೆ ಕೂತಿದ್ದ ಗುರುಲಿಂಗವ್ವ ಅಂದಳು, "ನಿಮ್ಮಪ್ಪಾರು ಎಂಟು ಅಂದ್ರು. ನಾವೂ ಎಂಟು ಅಂದ್ವಿ."

ಪದ್ಮಶ್ರೀ ತನ್ನ ಗುಮಾನಿಯನ್ನೆಲ್ಲ ಹೇಳಿಕೊಂಡಿದ್ದು ಈ ಅವ್ವನ ಮುಂದೆಯೇ. ಅವ್ವ ಆಗ ಹೂಂ ಅಂತಲೂ ಅನ್ನದೆ, ಅಲ್ಲ ಅಂತಲೂ ಅನ್ನದೆ ಕೇಳಿಸಿಕೊಂಡಿದ್ದಳು. ಇನ್ನೇನೇನು ಇವರಿಬ್ಬರಿಗೇ ಗೊತ್ತಿದೆಯೋ ಎಂದು ಅವಳು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು.

ಸಂಗಮೇಶ ಚೀಲ ಎತ್ತಿಕೊಂಡ. ಇಳಕಲ್ ಬಸ್ಸಿಗೆ ಬಿಟ್ಟುಬರುತ್ತೇನೆಂದು ಅವಳು ಸ್ಕೂಟಿ ತೆಗೆದಳು. ಬ್ಯಾಡಕ್ಕಾ ಎಂದವನು ಆಮೇಲೆ ಹಿಂದೆ ಕೂತ. ಹಂಪ್ ಬಂದಾಗ ಅವಳು ಬ್ರೇಕ್ ಒತ್ತಿದಳು. ಅವನು ಅವಳ ಹೆಗಲು ಹಿಡಿಯದೆ, ಸೀಟಿನ ಹಿಂದಿನ ಕಬ್ಬಿಣದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.