ಹಳೇ ಮೂಟೆ, ಅದೇ ಬೊಗಸೆ

ಮೇಲಿನ ಬೀದಿಯ ನೀರಿನ ಟ್ಯಾಂಕಿಗೆ ಹೊಸ ಮೂಟೆಯ ಬ್ಲೀಚಿಂಗ್ ಪುಡಿ ಹಾಕಿದರು. ಕೆಳಗಿನ ಕೇರಿಯ ಟ್ಯಾಂಕಿಗೆ, ಬಾಯಿ ಬಿಚ್ಚಿಕೊಂಡು ಎರಡು ಮಳೆಗಾಲ ಕಂಡ ಹಳೇ ಮೂಟೆಯದನ್ನು ಹಾಕಿದರು. ಎರಡಕ್ಕೂ ಒಂದೊಂದು ಬೊಗಸೆ. 2006ರ ಆಷಾಢದಲ್ಲಿ ಕೆಳಗಿನ ಕೇರಿಯ ಪುಟ್ಟಮಾದಮ್ಮನ ಆರು ವರ್ಷದ ಮಗಳು ವಾಂತಿಭೇದಿಯಾಗಿ ತೀರಿಕೊಂಡಳು.

ಪುಡಿ ಹಾಕಿದ ಕೈ ನೀರುಗಂಟಿ ನಿಂಗಯ್ಯನದು. ಅವನೂ ಅದೇ ಕೇರಿಯವನು. ಹದಿನೈದು ವರ್ಷದಿಂದ ಎರಡೂ ಟ್ಯಾಂಕಿನ ಏಣಿ ಹತ್ತಿ ಇಳಿದವನು. ಕೂಸನ್ನು ಮಣ್ಣು ಮಾಡಿ ಬಂದ ದಿನ ಅವನು ಪುಟ್ಟಮಾದಮ್ಮನ ಬಾಗಿಲಿಗೆ ಹೋದ. ಪುಟ್ಟಮಾದಮ್ಮ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಬೈಯಲಿಲ್ಲ.

"ನಿಂಗಣ್ಣ ಔಸ್ದಿ ಹಾಕವ್ನ, ಧೈರ್ಯವಾಗಿ ಕುಡಿ ಕೂಸೇ ಅಂತ ನಾನೇ ಲೋಟ ಕೊಟ್ಟೆ ಕಣಣ್ಣ" ಎಂದಳು, ಅಷ್ಟೇ.

ತಿಂಗಳು ಕಳೆದ ಮೇಲೆ ಒಂದು ಸಂಜೆ, ಹರವೆಯ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು ಓದುವ ಅವನ ಮೊಮ್ಮಗಳು ಶಿವರಂಜಿನಿ ಜಗಲಿಯ ಮೇಲೆ ರಸಾಯನಶಾಸ್ತ್ರದ ಲೆಕ್ಕ ಮಾಡುತ್ತ ಕೂತಿದ್ದಳು.

"ತಾತ, ನೀನು ಪುಡಿನ ತೂಗ್ತಿದ್ಯಾ?"

"ತೂಗಕ ಅದೇನು ಬೆಲ್ಲವಾ? ಮೇಲ್ಗಡೆಯವ್ರಿಗೊಂದು ಬೊಗಸೆ, ನಮಗೊಂದು. ನಾನು ಭೇದ ಮಾಡ್ದವನಲ್ಲ ಕಣವ್ವ."

"ಬೊಗಸೆ ಒಂದೇಯ. ಒಳಗಿರೋದು ಒಂದಾ?"

ಬೀಡಿ ಹಚ್ಚಲು ಹೋದ ನಿಂಗಯ್ಯ ಕಡ್ಡಿಯನ್ನು ಹಾಗೇ ಹಿಡಿದುಕೊಂಡ.

"ರೋಗದ ಹುಳ ಸಾಯ್ಸೋದು ಪುಡಿಯೊಳಗಿರೋ ಕ್ಲೋರಿನ್ನು, ತಾತ. ಹೊಸ ಪುಡಿಲಿ ನೂರು ಗ್ರಾಮಿಗೆ ಇಪ್ಪತ್ತೈದು ಗ್ರಾಮು ಇರ್ತದ. ನಮ್ಮ ಟ್ಯಾಂಕು ಹತ್ತು ಸಾವಿರ ಲೀಟರು. ಲೀಟರಿಗೆ ಎರಡು ಮಿಲಿಗ್ರಾಮು ಕ್ಲೋರಿನ್ ಬೇಕು ಅಂತ ಸ್ಕೂಲಿಗೆ ಬಂದಿದ್ದ ನರ್ಸಮ್ಮ ಯೋಳವ್ರ. ಅಲ್ಲಿಗೆ ಒಟ್ಟು ಇಪ್ಪತ್ತು ಗ್ರಾಮು. ಅಷ್ಟು ಸಿಗಬೇಕಂದ್ರ ಹೊಸ ಪುಡಿ ಎಂಬತ್ತು ಗ್ರಾಮು ಸಾಕು."

"ನನ್ನ ಬೊಗಸೆ ಅದಕ್ಕಿಂತ ಜಾಸ್ತೀನೇ ಇದ್ದೀತು ಬುಡು."

"ಹೊಸದಾದ್ರ ಸರಿ. ಬಾಯಿ ಬಿಚ್ಚಿಟ್ರ ಗಾಳಿ ತಾಕಿ, ತೇವ ಹಿಡ್ದು ಕ್ಲೋರಿನ್ ಹಾರೋಯ್ತದ. ನೂರಕ್ಕೆ ಐದೇ ಉಳಿದಿದ್ರ ನಾನೂರು ಗ್ರಾಮು ಬೇಕಾಯ್ತದ. ಏನೂ ಉಳೀದಿದ್ರ ಮೂಟೆನೇ ಸುರುದ್ರೂ ಬರೀ ಸುಣ್ಣ."

ನಿಂಗಯ್ಯನಿಗೆ ಆಗ ನೆನಪಾಯಿತು. ಹಳೇ ಮೂಟೆಯ ಪುಡಿ ಮೂಗಿಗೆ ಹೊಡೆಯುತ್ತಿರಲಿಲ್ಲ. ಕಣ್ಣುರಿಯದೆ ಕೆಲಸ ಮುಗಿಯಿತಲ್ಲ ಎಂದು ಅವನು ಖುಷಿಪಟ್ಟಿದ್ದ.

ಮರುದಿನ ಶಿವರಂಜಿನಿ ಕರೆದುತಂದ ನರ್ಸಮ್ಮ ಬಿಂದುಶ್ರೀ ಎರಡೂ ಟ್ಯಾಂಕಿನ ನೀರನ್ನು ಗಾಜಿನ ನಳಿಕೆಗಳಿಗೆ ಹಿಡಿದು ಕ್ಲೋರಿನ್ ಇದ್ದರೆ ಹಳದಿಯಾಗುವ ಔಷಧಿಯ ಹನಿ ಬಿಟ್ಟರು. ಮೇಲಿನ ಬೀದಿಯ ನೀರು ತೆಳು ಹಳದಿಗೆ ತಿರುಗಿತು. ಕೆಳಗಿನ ಕೇರಿಯದು ಇದ್ದಂತೆಯೇ ಇತ್ತು. ನೋಡಲು ಅದೇ ಹೆಚ್ಚು ಶುಭ್ರ.

"ಈ ಹನಿ ಬಾಟ್ಲು ನನ್ನ ಬ್ಯಾಗಲ್ಲೇ ಇತ್ತು ನಿಂಗಯ್ಯ" ಎಂದರು ಬಿಂದುಶ್ರೀ, ತಲೆ ಎತ್ತದೆ. "ನಿಮ್ಮ ಕೇರಿಗೆ ನಾನು ಇಳಿದೇ ಇರ್ಲಿಲ್ಲ."

ನಿಂಗಯ್ಯ ತನ್ನ ಎರಡೂ ಅಂಗೈ ಜೋಡಿಸಿ ನೋಡಿಕೊಂಡ. "ಇನ್ಮೇಲೆ ತೂಗೇ ಹಾಕನ ಕಣ್ ಕೂಸು" ಎಂದ ಮೊಮ್ಮಗಳಿಗೆ. "ಆ ಮಗು ಇದ್ದಾಗ ಯೋಳಿದ್ರಾಗಿತ್ತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಟ್ಯಾಂಕು ಎಷ್ಟು ಲೀಟರು? ಪುಡಿಯಲ್ಲಿ ನೂರಕ್ಕೆ ಎಷ್ಟು ಕ್ಲೋರಿನ್? ಮೂಟೆ ಬಂದು ಎಷ್ಟು ತಿಂಗಳಾಯಿತು? ಪಂಚಾಯ್ತಿ ಬಾಗಿಲಲ್ಲಿ ನಿಂತು ಕೇಳಿ. ಮೂಟೆಯ ಬಾಯಿ ಬಿಗಿಯಾಗಿ ಕಟ್ಟಿಸಿ. ತಕ್ಕಡಿಯಲ್ಲಿ ತೂಗಿಸಿ, ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಟ್ಯಾಂಕಿಗೆ ಹಾಕಿಸಿ. ಅರ್ಧ ಗಂಟೆ ಬಿಟ್ಟು ನಲ್ಲಿಯ ನೀರಿಗೆ ಹನಿ ಪರೀಕ್ಷೆ ಮಾಡಿಸಿ. ಹಳದಿ ಬಾರದಿದ್ದರೆ ಕುದಿಸದೆ ಯಾರಿಗೂ ಕುಡಿಸಬೇಡಿ. ಮೇಲಿನ ಬೀದಿಗೆ ಬರುವ ಮೂಟೆಯೇ ನಿಮ್ಮ ಕೇರಿಗೂ ಬರಬೇಕು. ಬಾರದಿದ್ದರೆ, ಇಗೋ, ನಿಂಗಯ್ಯ ಮಾಡಿದಂತೆ ಮಾಡಿ.

ಹನಿ ಪರೀಕ್ಷೆಯಾದ ವಾರವೇ ಪಂಚಾಯ್ತಿ ಮೆಂಬರು ಚಿಕ್ಕಮಲ್ಲಪ್ಪ ಬುಕ್ಕು, ಇಂಕಿನ ಡಬ್ಬಿ ಹಿಡಿದು ಬಂದರು. "ಇನ್ನರ್ಧ ಹಳೇ ಮೂಟೆ ಅದಲ್ಲಾ, ಯಾಕ್ಲಾ ಬಿಸಾಕದು? ಕೆಳಗಲ ಟ್ಯಾಂಕಿಗೆ ಸುರುದ್ಬುಡು. ಹಾಕಿದ್ದೀನಿ ಅಂತ ಬುಕ್ಕಿಗೊಂದು ಹೆಬ್ಬೆಟ್ಟು ಒತ್ತು."

ಹದಿನೈದು ವರ್ಷ 'ಆಯ್ತು ಬುದ್ಧಿ' ಎಂದ ಬಾಯಿ ಅದು. ನಿಂಗಯ್ಯ ಇಂಕಿನ ಡಬ್ಬಿಯ ಮುಚ್ಚಳ ಮುಚ್ಚಿ ಅವರ ಕಡೆಗೆ ತಳ್ಳಿದ.

"ಆಗದಿಲ್ಲ ಮೆಂಬ್ರೇ. ಸುರಿಯದೂ ಇಲ್ಲ, ಒತ್ತದೂ ಇಲ್ಲ."