ಹನ್ನೊಂದನೇ ಮಹಡಿಯ ರಸ್ತೆ

ಚೊಂಗ್‌ಚಿಂಗ್‌ನಲ್ಲಿ ರೈಲಿಳಿಯುವ ಹೊತ್ತಿಗೆ ಯೂಲಿಯನ್‌ಳ ಫೋನು ಸತ್ತುಹೋಗಿತ್ತು. ಅದಕ್ಕೆ ಮೊದಲು ಕೇಳಿದ ಕೊನೆಯ ಮಾತು ಅಳಿಯನದು: "ಅತ್ತೆ, ಶಾವ್‌ಹೆಗೆ ಹೆರಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಹೊರಟ್ವಿ. ನೀವು ಮನೆಗೆ ಬಂದ್ಬಿಡಿ, ಅಮ್ಮ ಇರ್ತಾರೆ."

ಅಳಿಯನ ಆ ಅಮ್ಮನಿಗೆ ಮುಖ ತೋರಿಸುವುದು ಹೇಗೆಂಬುದೇ ಯೂಲಿಯನ್‌ಳ ಚಿಂತೆಯಾಗಿತ್ತು. ಮಗಳು ಶಾವ್‌ಹೆ ಈ ದಕ್ಷಿಣದ ಹುಡುಗನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ, "ಆ ಮೆಣಸಿನಕಾಯಿ ಜನರ ಹೊಸಿಲು ನಾನು ತುಳಿಯಲ್ಲ" ಎಂದು ಫೋನಿನಲ್ಲಿ ಕೂಗಾಡಿದ್ದಳು. ಆಗ ಬೀಗಿತ್ತಿ ಮಗಳ ಪಕ್ಕದಲ್ಲೇ ಕೂತಿದ್ದಳೆಂದು ಆಮೇಲೆ ತಿಳಿಯಿತು. ಮದುವೆಗೂ ಹೋಗಲಿಲ್ಲ.

ಟ್ಯಾಕ್ಸಿ ಒಂದು ಸೇತುವೆಯ ಮೇಲೆ ಹತ್ತಿ ಇನ್ನೊಂದರ ಕೆಳಗೆ ನುಸುಳಿತು. ಉತ್ತರದ ಅವಳ ಊರಿನ ಮಣ್ಣುಗುಡ್ಡಗಳೂ ಎತ್ತರವೇ, ಆದರೆ ಅವು ತಮ್ಮ ಪಾಡಿಗೆ ತಾವು ಇರುತ್ತವೆ. ಇಲ್ಲಿ ಮನೆಗಳೇ ಒಂದರ ಹೆಗಲ ಮೇಲೊಂದು ಏರಿ ಮಂಜಿನೊಳಗೆ ಮಾಯವಾಗಿದ್ದವು. ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತಿತ್ತು. ಚಾಲಕ ಉದ್ದಕ್ಕೂ ಏನೋ ಹರಟಿದ. ಚೀನೀ ಭಾಷೆಯೇ, ಆದರೂ ಅವಳಿಗೆ ಅರ್ಧವೂ ದಕ್ಕಲಿಲ್ಲ.

ಇಳಿದದ್ದು ಒಂದು ಕಟ್ಟಡದ ಬುಡದಲ್ಲಿ. ಹನ್ನೊಂದನೇ ಮಹಡಿಗೆ ಬಾ ಎಂದು ಮಗಳು ಮೊದಲೇ ಹೇಳಿದ್ದಳು. ಲಿಫ್ಟಿನ ಬಾಗಿಲು ತೆರೆದುಕೊಂಡಾಗ ಎದುರಿಗೆ ಬಸ್ಸು ಹೋಗುತ್ತಿತ್ತು. ದೊಡ್ಡ ಮರ, ಅದರ ನೆರಳಲ್ಲಿ ಇಸ್ಪೀಟಾಡುವ ಮುದುಕರು, ನೂಡಲ್ಸ್ ಅಂಗಡಿ. ಯೂಲಿಯನ್ ಗಂಟುಮೂಟೆಯನ್ನು ಎದೆಗವಚಿಕೊಂಡಳು.

"ಇದು ಎಷ್ಟನೇ ಮಹಡಿ ಅಣ್ಣಾ?"

ನೂಡಲ್ಸ್ ಅಂಗಡಿಯವನು ಗಹಗಹಿಸಿದ. "ಮಹಡಿನಾ? ಇದು ರಸ್ತೆ ಅಕ್ಕಾ! ನೆಲದ ಮೇಲೇ ನಿಂತಿದೀರ!"

"ನೆಲ ಕೆಳಗಿತ್ತಲ್ಲ..."

"ಅದೂ ನೆಲವೇ, ಇದೂ ನೆಲವೇ. ಗುಡ್ಡದೂರು ಅಕ್ಕಾ, ಕಟ್ಟಡದ ಬುಡ ಕೆಳಗಿನ ರಸ್ತೆಗೆ, ಹನ್ನೊಂದನೇ ಮಹಡಿ ಮೇಲಿನ ರಸ್ತೆಗೆ."

ಅವಳಿಗೆ ಅಳು ಬಂತು. ಮಗಳು ಯಾವ ಆಸ್ಪತ್ರೆಯಲ್ಲಿದ್ದಾಳೋ, ಏನಾಯಿತೋ. ಅಷ್ಟರಲ್ಲಿ ರಸ್ತೆಯಾಚೆಯಿಂದ ಕಂಚಿನ ಕಂಠವೊಂದು ಕೂಗಿತು: "ಯೂಲಿಯನ್! ಯೂಲಿಯನ್ ಅಲ್ವೇನ್ರೀ?"

ಗಿಡ್ಡ ದೇಹದ ಹೆಂಗಸೊಬ್ಬಳು, ಏಪ್ರನ್ ಸಹ ಬಿಚ್ಚದೆ, ಬಸ್ಸನ್ನು ಕೈಯಿಂದಲೇ ತಡೆದು ದಾಟಿ ಬಂದಳು. ಬೀಗಿತ್ತಿ ದೇಜೆನ್. ಫೋಟೋದಲ್ಲಿ ಕಂಡದ್ದಕ್ಕಿಂತ ದಪ್ಪ.

"ಬೆಳಗಿಂದ ಈ ಲಿಫ್ಟಿನ ಬಾಯಲ್ಲೇ ಕಾಯ್ತಿದೀನಿ. ಬಂದವರನ್ನೆಲ್ಲ ನೀವೇನಾ ಅಂತ ಕೇಳಿ ಕೇಳಿ ಹುಚ್ಚಿ ಅನ್ನಿಸಿಕೊಂಡೆ! ಒಲೆ ನೋಡೋಕೆ ಹೋದ ಗಳಿಗೆಯಲ್ಲೇ ನೀವು ಬರಬೇಕಾ?"

"ಮಗಳು?"

"ಹೆಣ್ಣುಮಗು! ಈಗ ತಾನೇ ಮಗ ಫೋನ್ ಮಾಡಿದ. ತಾಯಿ, ಕೂಸು ಇಬ್ರೂ ಗಟ್ಟಿಮುಟ್ಟು. ಅಳೋದು ಕೇಳಿದ್ರೆ ಥೇಟ್ ನಿಮ್ಮ ಕಡೆ ಗಂಟಲು."

ಯೂಲಿಯನ್ ನೂಡಲ್ಸ್ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು, ಅತ್ತೂ ನಕ್ಕೂ ಮುಖ ಒರೆಸಿಕೊಂಡಳು.

"ಬೀಗಿತ್ತಮ್ಮ, ಅವತ್ತು ನಾನು ಆಡಿದ ಮಾತು..."

"ಮೆಣಸಿನಕಾಯಿ ಜನ ಅಂದ್ರಿ. ತಪ್ಪೇನಿದೆ, ತಿಂತೀವಿ. ಬಾಣಂತಿಗೆ ಖಾರ ಹಾಕಲ್ಲ, ಹೆದರಬೇಡಿ." ದೇಜೆನ್ ಮೂಟೆಯನ್ನು ಕಿತ್ತುಕೊಂಡಳು. "ಇದೇನ್ರೀ, ಕಲ್ಲು ಹೊತ್ತು ತಂದ್ರಾ?"

"ಹೊಸ ನವಣೆ, ಕೆಂಪು ಖರ್ಜೂರ. ಗಂಜಿಗೆ."

"ಹಾಗಾದ್ರೆ ಗಂಜಿ ನಿಮ್ದು, ಹಂದಿಕಾಲಿನ ಸಾರು ನನ್ದು. ಅವಳು ಯಾವುದನ್ನ ಖಾಲಿ ಮಾಡ್ತಾಳೋ ನೋಡೇ ಬಿಡೋಣ."

ಆಸ್ಪತ್ರೆಯ ದಾರಿ ಮೆಟ್ಟಿಲುಗಳಲ್ಲೇ ಇಳಿಯುತ್ತಿತ್ತು. ಪಾಚಿಗಟ್ಟಿದ ಕಲ್ಲು ಜಾರುತ್ತಿತ್ತು. ದೇಜೆನ್ ಒಂದು ಕೈಯಲ್ಲಿ ಮೂಟೆ ಹೊತ್ತು, ಇನ್ನೊಂದು ಕೈ ಹಿಂದಕ್ಕೆ ಚಾಚಿದಳು. ಯೂಲಿಯನ್ ಅದನ್ನು ಬಿಗಿಯಾಗಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು.