ತೇಗವಲ್ಲದ ತೊಟ್ಟಿಲು

ನನ್ನಿಂದ ಒಂದು ಮಗು ಬಿತ್ತು. ಅದಾದ ಮೇಲೆ ನನ್ನನ್ನು ಅಂಟಿಸಿ, ಬಣ್ಣ ಬಳಿದು, ಹೊಸ ತೊಟ್ಟಿಲು ಎಂದು ಇನ್ನೊಂದು ಮನೆಗೆ ಮಾರಿದರು.

ನಾನು ಹುಟ್ಟಿದ್ದು ಮರದಿಂದಲ್ಲ. ಸಾಮಿಲ್ಲಿನ ನೆಲ ಗುಡಿಸಿ ತಂದ ಹೊಟ್ಟಿಗೆ ಅಂಟು ಕಲಸಿ, ಬಿಸಿ ಯಂತ್ರದಲ್ಲಿ ಒತ್ತಿ ಹಲಗೆ ಮಾಡಿದರು. ಆ ಹಲಗೆಯನ್ನು ಕೊಯ್ದು ಎರಡು ಕಾಲು, ಮೇಲೊಂದು ದಂಡ, ದಂಡಕ್ಕೆ ಎರಡು ಕೊಕ್ಕೆ, ಕೊಕ್ಕೆಗೆ ತೂಗುವ ತೊಟ್ಟಿ ಮಾಡಿದರು. ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದವೊಂದನ್ನು ಮೈತುಂಬ ಹೊದಿಸಿದರು. ದಂಡವನ್ನು ಕಾಲಿಗೆ ಸೇರಿಸುವ ಜಾಗದಲ್ಲಿ ಸ್ಕ್ರೂ ತಿರುಗಿಸಿದಾಗಲೇ ನನಗೆ ಗೊತ್ತಾಯಿತು: ಒಳಗೆ ಅದಕ್ಕೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಹೊಟ್ಟು ಸ್ಕ್ರೂವನ್ನು ಎಷ್ಟು ದಿನ ಹಿಡಿದೀತು? ಅವತ್ತೇ ನನ್ನೊಳಗೆ ಹೆದರಿಕೆ ಹೊಕ್ಕಿತು.

ಫೋಟೋ ತೆಗೆಯುವಾಗ ನನ್ನನ್ನು ಕರೆಯಲಿಲ್ಲ. ದೀಪಗಳ ಮುಂದೆ ನಿಂತದ್ದು ಬೇರೊಂದು ತೊಟ್ಟಿಲು, ನಿಜವಾದ ಮರದ್ದು. ಅದರ ಚಿತ್ರದ ಕೆಳಗೆ ‘ಗಟ್ಟಿ ತೇಗ, ತಲೆಮಾರುಗಳ ಕಾಲ ಬಾಳುವಂಥದ್ದು’ ಎಂದು ಬರೆದರು. ಬರೆದವನು ನನ್ನನ್ನು ಕಣ್ಣಾರೆ ಕಂಡಿರಲಿಲ್ಲ. ಜನ ಆ ಚಿತ್ರ ನೋಡಿ ದುಡ್ಡು ಕಟ್ಟಿದರು, ಪೆಟ್ಟಿಗೆಯೊಳಗೆ ಹೋದದ್ದು ನಾನು.

ಮೊದಲು ಹೋದದ್ದು ಚಿತ್ರದುರ್ಗದ ಒಂದು ಬಾಡಿಗೆ ಮನೆಗೆ. ಪೆಟ್ಟಿಗೆ ಬಿಚ್ಚಿದ ರೂಪಕಲಾ ನನ್ನನ್ನು ಮುಟ್ಟಿ ನೋಡಿ ಹುಬ್ಬುಗಂಟಿಕ್ಕಿದಳು.

“ಏನ್ರೀ ಇದು, ಇಷ್ಟು ಹಗುರ ಐತೆ? ನಮ್ಮಜ್ಜಿ ತೊಟ್ಲು ಎತ್ತೋಕೆ ಇಬ್ರು ಬೇಕಿತ್ತು.”

“ನಾಲ್ಕೂವರೆ ಸ್ಟಾರ್ ಐತೆ ಕಣೇ,” ಎಂದ ಗಂಡ ತಿಪ್ಪೇಶ. “ಅಷ್ಟೂ ಜನ ದಡ್ಡರಾ? ಸುಮ್ನಿರು.”

ಆಕೆ ಮೂರು ತಿಂಗಳ ಕೂಸನ್ನು ತಂದು ನನ್ನಲ್ಲಿ ಮಲಗಿಸಿದಳು. ಅಷ್ಟು ಬೆಚ್ಚಗಿನ ಭಾರವನ್ನು ನಾನು ಎಂದೂ ಹೊತ್ತಿರಲಿಲ್ಲ. ಬೇರೆ ತೊಟ್ಟಿಲುಗಳಿಗೆ ಆಗ ಸುಖವೆನಿಸುತ್ತದಂತೆ. ನನಗೆ ನಡುಕ ಬಂತು. ಆಕೆ ತೂಗಿದಷ್ಟೂ ಸ್ಕ್ರೂ ಒಳಗಿನ ಹೊಟ್ಟನ್ನು ಕೊರೆಯುತ್ತಿತ್ತು. ಜೋಗುಳ ಕೇಳಿಸಿದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಿರ್ರೆಂದು ಕೂಗಿಕೊಂಡೆ. ತಿಪ್ಪೇಶ ತೆಂಗಿನೆಣ್ಣೆ ಹಾಕಿ ನನ್ನ ಬಾಯಿ ಮುಚ್ಚಿಸಿದ.

ಒಂದು ಮಧ್ಯಾಹ್ನ ಆಕೆ ಒಲೆಯ ಮುಂದಿದ್ದಳು. ಕೂಸು ಎದ್ದು ಕಾಲು ಬಡಿಯಿತು. ಎಡಗಡೆಯ ಸ್ಕ್ರೂ ಹೊಟ್ಟಿನ ಸಮೇತ ಕಿತ್ತು ಬಂತು. ದಂಡ ವಾಲಿತು, ತೊಟ್ಟಿ ಮಗುಚಿತು. ಬಿದ್ದ ಸದ್ದಿಗೂ ಅಳುವಿಗೂ ನಡುವೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆ ಗಳಿಗೆಯಿಂದ ನಾನು ಇವತ್ತಿಗೂ ಹೊರಗೆ ಬಂದಿಲ್ಲ.

ಕೂಸಿನ ಹೆಗಲ ಮುಂದಿನ ಎಲುಬು ಮುರಿದಿತ್ತು. ಆಸ್ಪತ್ರೆಯಿಂದ ಬಂದ ರೂಪಕಲಾ ಮೊದಲು ಮಾಡಿದ ಕೆಲಸ ಕಂಪನಿಗೆ ಫೋನು. ಅತ್ತಲಿಂದ ಒಂದು ಹುಡುಗಿಯ ದನಿ ಬಲು ಮೆತ್ತಗೆ ಕೇಳಿತು: “ತೊಟ್ಟಿಲನ್ನ ಜೋರಾಗಿ ತೂಗಿದ್ರಾ ಮೇಡಂ?”

“ತೊಟ್ಲನ್ನ ತೂಗದೆ ಮತ್ತೇನು ಮಾಡ್ತಾರಮ್ಮ? ಆರತಿ ಎತ್ತುತಾರಾ?”

“ಬಳಕೇಲಿ ತಪ್ಪಾಗಿರಬಹುದು ಮೇಡಂ. ಆದ್ರೂ ನಾವು ವಾಪಸ್ ತಗೋತೀವಿ. ಮುಂದಿನ ಖರೀದಿಗೆ ಒಂದು ರಿಯಾಯಿತಿ ಕೂಪನ್ ಕಳಿಸ್ತೀವಿ.”

ಎಲುಬಿಗೆ ಬದಲು ಕೂಪನ್! ಆಕೆ ಫೋನನ್ನು ಹಾಸಿಗೆಯ ಮೇಲೆ ಎಸೆದಳು. ನನ್ನನ್ನು ಒಯ್ಯಲು ಬಂದವನ ಹಿಂದೆಯೇ ಬೀದಿಯವರೆಗೂ ಬಂದು ಹೇಳಿದಳು: “ಅದನ್ನ ಸುಟ್ಟಾಕ್ರಪ್ಪ. ಇನ್ನೊಬ್ರ ಮನೆಗೆ ಕೊಡಬೇಡ್ರಿ.”

“ಅದು ನಮ್ ಕೈಲಿಲ್ಲಕ್ಕ,” ಎಂದು ಅವನು ಗಾಡಿಯ ಬಾಗಿಲು ಹಾಕಿದ.

ಗೋದಾಮಿನಲ್ಲಿ ಬಿದ್ದುಕೊಂಡು ನಾನು ಬೇಡಿಕೊಂಡದ್ದೂ ಅದನ್ನೇ, ಬೆಂಕಿಯನ್ನು. ಸುತ್ತಲೂ ನನ್ನಂಥವೇ ಇದ್ದವು: ಕಾಲು ಕಳಚಿದ ಕುರ್ಚಿ, ಹೊಟ್ಟೆ ಒಡೆದ ಕಪಾಟು, ನಡು ಮುರಿದ ಮಂಚ. ಎಲ್ಲವೂ ತೇಗವೆಂದೇ ಮನೆ ಹೊಕ್ಕು ಬಂದಂಥವು. ಒಲೆಗೆ ಹಾಕಬಹುದೆಂದು ಕಾದೆ. ಬಂದದ್ದು ಬೆಂಕಿಯಲ್ಲ, ಅಂಟಿನ ಡಬ್ಬಿ. ಕಿತ್ತುಹೋದ ತೂತಿಗೆ ಹೊಟ್ಟೂ ಅಂಟೂ ಕಲಸಿ ತುಂಬಿದರು. ಹಳೆಯ ಸ್ಕ್ರೂವನ್ನೇ ತಿರುಗಿಸಿದರು. ಮೇಲೆ ಬಣ್ಣ.

ಬಣ್ಣ ಬಳಿಯುತ್ತಿದ್ದವನ ಕೈ ಒಂದು ಸಲ ನಿಂತಿತು. “ಸಾರ್, ಇದು ಕೂಸು ಮಲಗೋದು...”

“ನಿನ್ನ ಕೂಸೇನೋ?” ಎಂದ ಮೇಲಿನವ. “ಬಳಿ.”

ಅವನು ಬಳಿದ. ನನ್ನ ಮೇಲೆ ಮತ್ತದೇ ಹೆಸರು ಅಂಟಿತು: ಗಟ್ಟಿ ತೇಗ.

ಎರಡನೆಯ ಮನೆ ಬೆಟಗೇರಿಯಲ್ಲಿ. ಶಾಲೆಯ ವ್ಯಾನು ಓಡಿಸುವ ಮಹಾಂತೇಶನ ಮನೆ. ತಂಗಿ ನೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ತೊಟ್ಟಿಲು ತವರಿನದಾಗಬೇಕು ಎಂಬುದು ಅವರಲ್ಲಿ ರೂಢಿ. ಅಪ್ಪ ತೀರಿಕೊಂಡಿದ್ದ, ಆ ಜಾಗದಲ್ಲಿ ಅಣ್ಣ ನಿಲ್ಲಬೇಕಿತ್ತು. ಬೀಗರ ಮುಂದೆ ಕಡಿಮೆಯಾಗಬಾರದೆಂದು ಫೋನಿನಲ್ಲಿ ಹುಡುಕಿ ಹುಡುಕಿ ಅವನು ನನ್ನನ್ನು ತರಿಸಿದ್ದ. ನನ್ನ ಮೇಲೆ ಕೈಯಾಡಿಸುವಾಗ ಅವನ ಮುಖದಲ್ಲಿದ್ದ ಹಿಗ್ಗು ನೋಡಿ ನನಗೆ ಇನ್ನಷ್ಟು ಭಯವಾಯಿತು. ಅವನೂ ಮೋಸ ಹೋದವನೇ, ಆದರೆ ಅವನಿಗದು ಗೊತ್ತಿರಲಿಲ್ಲ.

ಹೆಸರಿಡುವ ದಿನ ಇಳಕಲ್ಲಿನಿಂದ ಬೀಗರು ಬಂದರು. ನೀಲಾಳ ಗಂಡನ ಅಕ್ಕ ಶಂಕ್ರವ್ವನೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ. ಬಂದವಳೇ ಸೊಂಟದ ಮೇಲೆ ಕೈಯಿಟ್ಟು, ಮಹಾಂತೇಶ ನನ್ನನ್ನು ನಡುಮನೆಗೆ ತರುವುದನ್ನು ನೋಡಿದಳು.

“ಯಾಕೋ ಮಾಂತಪ್ಪ, ಸಾಗವಾನಿ ಅಂದಿ. ಒಬ್ನಽ ಎತ್ಕೊಂಡು ಬಂದಿ?”

“ಈಗಿನ ಸಾಗವಾನಿ ಹಂಗರಿ ಅಕ್ಕಾರ. ಅದೂ ಡಯೆಟ್ ಮಾಡತೈತಿ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನೀಲಾ ಕೂಡ ನಕ್ಕಳು. ನನಗೆ ಹೂ ಸುತ್ತಿದರು, ಅರಿಸಿನ ಕುಂಕುಮ ಹಚ್ಚಿದರು. ಹಾಡು ಶುರುವಾಯಿತು. ನನ್ನ ಎಡಗಡೆಯ ತೂತಿನಲ್ಲಿ ಆ ಸ್ಕ್ರೂ ಆಗಲೇ ಬಿಸಿಯಾದಂತೆನಿಸಿತು.

ಅವರಲ್ಲಿ ಇನ್ನೊಂದು ರೂಢಿ. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುತ್ತಾರೆ. ಅಡುಗೆಮನೆಯ ಕಲ್ಲನ್ನು ತೊಳೆದು, ಕುಪ್ಪಸದ ಖಣದಲ್ಲಿ ಸುತ್ತಿ, ಕಾಡಿಗೆಯಲ್ಲಿ ಕಣ್ಣು ಬರೆದು ತಂದರು. “ಗುಂಡಪ್ಪನ್ನ ತೊಗೋರಿ, ಕೂಸನ್ನ ಕೊಡ್ರಿ” ಎನ್ನುತ್ತ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದರು.

ನನಗೆ ದಾರಿ ಕಂಡಿತು. ಮುರಿಯುವುದಾದರೆ ಈಗಲೇ, ಈ ಕಲ್ಲಿಗೇ ಮುರಿಯಬೇಕು. ಹುಟ್ಟಿದಾಗಿನಿಂದ ಮುರಿಯದಿರಲೆಂದು ಒದ್ದಾಡಿದವನು ನಾನು. ಆಗ ಇದ್ದಷ್ಟೂ ಹೊಟ್ಟನ್ನು ಸಡಿಲ ಬಿಟ್ಟೆ. ಕಲ್ಲು ನನ್ನ ಮಡಿಲಿಗಿಳಿಯಿತು. ದಂಡ ಬಾಗಿತು. ಮುರಿ, ಮುರಿ ಎಂದುಕೊಂಡೆ.

ಮುರಿಯಲಿಲ್ಲ. ಹೊಸ ಅಂಟು ಸುಮ್ಮನೆ ಮಲಗಿದ ಕಲ್ಲನ್ನು ತಡೆದುಕೊಂಡಿತು. ತೂಗತೊಡಗಿದರೆ ಅದು ತಡೆಯುವುದಿಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದುದು ನನಗೊಬ್ಬನಿಗೆ. ಶಂಕ್ರವ್ವ ಶಾಸ್ತ್ರಕ್ಕೆಂದು ಒಮ್ಮೆ ಮೆಲ್ಲಗೆ ತೂಗಿದಳು. ಎಡಗಡೆ ‘ಚಿಟ್’ ಎಂದಿತು. ಹಾಡಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆದರೆ ಬಣ್ಣ ಬಿರುಕು ಬಿಟ್ಟು, ಒಂದು ಚಿಟಿಕೆ ಹಳದಿ ಪುಡಿ ನೀಲಾಳ ಕಾಲ ಮೇಲೆ ಉದುರಿತು.

ಆಕೆ ಬಗ್ಗಿ ನೋಡಿದಳು. ಬೆರಳಿಗೆ ಹಚ್ಚಿಕೊಂಡು ತಿಕ್ಕಿದಳು. ಆಮೇಲೆ ಉಗುರಿನಿಂದ ಆ ಬಿರುಕನ್ನು ಕೆದರಿದಳು. ಮರದ ಗೆರೆ ಕಾಗದವಾಗಿ ಸುಲಿದು ಬಂತು. ಒಳಗೆ ಹೊಟ್ಟು, ಕಿತ್ತ ತೂತಿಗೆ ತುಂಬಿ ಒಣಗಿದ ಅಂಟು.

ಕಲ್ಲು ತೆಗೆದರು. “ಕೂಸನ್ನ ತಾರವಾ, ಹಾಕು,” ಎಂದಳು ಶಂಕ್ರವ್ವ.

ನೀಲಾ ಕೂಸನ್ನು ಎದೆಗವಚಿಕೊಂಡು ನಿಂತೇ ಇದ್ದಳು. “ಇದು ಸಾಗವಾನಿ ಅಲ್ಲರಿ. ಹೊಟ್ಟು ಐತಿ ಒಳಗ. ಮುರದದ್ದನ್ನ ಅಂಟಿಸ್ಯಾರ.”

ಹಾಡು ನಿಂತಿತು. ಮಹಾಂತೇಶನ ಮುಖ ಬಿಳಿಚಿತು. “ಹುಚ್ಚಿ! ಫೋಟೋದಾಗ ಬರದಾರ ಅಲ್ಲವಾ, ಗಟ್ಟಿ ತೇಗ ಅಂತ...”

“ಫೋಟೋದಾಗ ಮಲಗಸೂಣೇನೋ ಅಣ್ಣಾ ಕೂಸನ್ನ?”

“ಗುಂಡಪ್ಪನ್ನ ತಡೀತು. ಕೂಸನ್ನ ತಡಿಯಂಗಿಲ್ಲೇನು?” ಎಂದಳು ಶಂಕ್ರವ್ವ. “ಮುಹೂರ್ತದ ಹೊತ್ತಿನಾಗ ಅಪಶಕುನ ಆಡಬ್ಯಾಡ.”

“ಗುಂಡಪ್ಪ ಕಾಲು ಬಡಿಯಂಗಿಲ್ಲರಿ ಅಕ್ಕಾರ.”

ತಾಯಿ ಕಾಶವ್ವ ಮಗಳ ರಟ್ಟೆ ಹಿಡಿದು ಪಿಸುಗುಟ್ಟಿದಳು: “ನಿಮ್ಮಣ್ಣನ ಮಾರಿ ನೋಡಽ. ಬೀಗರ ಮುಂದ ನಮ್ಮ ಮಾನ ಕಳೀತಿಯೇನು? ಒಂದ ಗಳಿಗಿ ಹಾಕಿ ತಗಿ.”

ಒಂದು ಗಳಿಗೆ! ಅದರ ಉದ್ದ ಎಷ್ಟೆಂದು ನನ್ನನ್ನು ಕೇಳಬೇಕಿತ್ತು. ಹಾಕಬೇಡ ಎಂದು ಹೇಳಲು ನನಗೆ ಬಾಯಿರಲಿಲ್ಲ. ಮಹಾಂತೇಶ ತಂಗಿಯ ಮುಂದೆ ಎರಡೂ ಕೈ ಚಾಚಿದ. ಅವನ ಕಣ್ಣಲ್ಲಿ ನೀರಿತ್ತು. “ನಾ ಹಿಡ್ಕೊಂಡ ನಿಂದರತೀನಿ. ಹಾಕವಾ, ನಿನ್ನ ಕಾಲ ಬೀಳತೀನಿ.”

ನೀಲಾ ಅವನನ್ನು ನೋಡಿದಳು. ನನ್ನಷ್ಟೇ ಅವಳೂ ಹೆದರಿದ್ದಳು, ಅಷ್ಟೂ ಜನರಿಗೆ.

“ನೀ ತಪ್ಪು ಮಾಡಿಲ್ಲೋ ಅಣ್ಣಾ. ನಿನಗ ಸುಳ್ಳು ಹೇಳ್ಯಾರ. ಅವರ ಸುಳ್ಳು ಮುಚ್ಚಾಕ ನನ್ನ ಕೂಸು ಬೇಕೇನು?”

“ಹಾಕಽ ಅಂದೆ!” ಎಂದಳು ಶಂಕ್ರವ್ವ ದನಿಯೇರಿಸಿ.

ನೀಲಾ ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಕೂಸನ್ನು ತೊಡೆಯ ಮೇಲೆ ಮಲಗಿಸಿ, ಸೆರಗು ಹೊದಿಸಿ, ತಲೆಯೆತ್ತಿದಳು.

“ಬರ್ರಿ ಅಕ್ಕಾರ, ಇಲ್ಲೇ ಕಿವ್ಯಾಗ ಹೆಸರು ಹೇಳ್ರಿ. ತೊಟ್ಟಲದಾಗ ನಾ ಹಾಕಂಗಿಲ್ಲ.”